ಉಪ್ಪಿನ ಊರಿಗೆ ನಾನು ಒಯ್ದ ಉಪ್ಪು

ಸ್ಪೇನ್ ದೇಶದ ಕರಾವಳಿಯ ಒಂದು ಸಣ್ಣ ಊರಿನ ಮೇಲೆ ನನಗಿರುವ ಹೊಟ್ಟೆಕಿಚ್ಚಿನ ವಿಷಯವನ್ನು ಓದುಗರ ಗಮನಕ್ಕೆ ತರಬಯಸುತ್ತೇನೆ. ಬರೆದು ಅಭ್ಯಾಸವಿಲ್ಲ. ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ನಾವಿರುವುದು ಐರ್ಲೆಂಡಿನ ಡಬ್ಲಿನ್ನಿನಲ್ಲಿ; ನನ್ನ ಪತಿಯವರು ಅಲ್ಲಿನ ಸಿಟಿವೆಸ್ಟ್ ಬಡಾವಣೆಯಲ್ಲಿ ಸಾಫ್ಟ್‌ವೇರ್ ಉದ್ಯೋಗಿ. ಹೋದ ಚಳಿಗಾಲ ಕಚೇರಿಯ ಕೆಲಸದ ನಿಮಿತ್ತ ಸದರಿ ಊರಿನಲ್ಲಿ ತಂಗಿದ್ದರು. ಮರಳಿದ ಮೇಲೆ ಯಾರೇ ಊಟಕ್ಕೆ ಬಂದರೂ ಅದರದೇ ವರ್ಣನೆ. ಹಿಂದೆ ಬೋಳು ಗುಡ್ಡ, ಮುಂದೆ ಸಮುದ್ರ, ನಡುವೆ ಉಪ್ಪಿನ ಗದ್ದೆಗಳು. ರೋಮನ್ನರು ಅಲ್ಲಿ ಮೀನಿಗೆ ಉಪ್ಪು ಹಾಕುತ್ತಿದ್ದರಂತೆ. ಅರಬರು ಕಾಲುವೆ ತೋಡಿದರಂತೆ. ಕಡಲ್ಗಳ್ಳರಿಗೆ ಹೆದರಿದ ಜನ ಗುಡ್ಡದ ಮೇಲೆ ಮನೆ ಕಟ್ಟಿ, ದಡದಲ್ಲಿ ಕಾವಲು ಗೋಪುರ ಎಬ್ಬಿಸಿದರಂತೆ. ನಾನು ಹುಟ್ಟಿ ಬೆಳೆದ ಮೈಸೂರಿನ ಬೀದಿಯ ಬಗ್ಗೆ ಮದುವೆಯಾದಂದಿನಿಂದ ಒಂದು ಪ್ರಶ್ನೆಯನ್ನೂ ಕೇಳದವರು ಇವರೇ ಎಂಬುದನ್ನು ಇಲ್ಲಿ ನಮೂದಿಸುತ್ತೇನೆ.

ಹೀಗಿರುವಾಗ, ಅಲ್ಲಿಗೇ ಕಾಯಂ ವರ್ಗವಾಗಿ ಹೋಗುವಿರಾ ಎಂದು ಕಚೇರಿಯವರು ಇವರನ್ನು ಕೇಳಿದ್ದಾರೆಂಬ ಸಂಗತಿ ಇವರ ಸಹೋದ್ಯೋಗಿಯಿಂದ ನನಗೆ ತಿಳಿಯಿತು. ಇವರು ಬಾಯಿ ಬಿಟ್ಟಿರಲಿಲ್ಲ. ನನ್ನ ಆಸ್ಪತ್ರೆಯ ಕೆಲಸ, ಮಗಳ ಶಾಲೆ ಎಲ್ಲವೂ ಡಬ್ಲಿನ್ನಿನಲ್ಲಿ. ಬೇಸಿಗೆ ರಜೆಗೆ ಮೂವರೂ ಆ ಊರಿಗೇ ಹೋಗೋಣವೆಂದು ಇವರು ಹೇಳಿದಾಗ ನಾನು ಒಪ್ಪಿದ್ದು, ಎದುರಾಳಿಯನ್ನು ಕಣ್ಣಾರೆ ನೋಡಲೆಂದು.

ಅಲ್ಲಿನ ಒಂದು ತುತ್ತೂ ಇವರ ನಾಲಿಗೆಗೆ ತಾಗಬಾರದೆಂಬ ಉದ್ದೇಶದಿಂದ ಕುಕ್ಕರ್, ಸೋನಾ ಮಸೂರಿ, ಸಾರಿನ ಪುಡಿ, ಚಟ್ನಿಪುಡಿ, ಕೊನೆಗೆ ಉಪ್ಪಿನ ಪೊಟ್ಟಣ, ಎಲ್ಲವನ್ನೂ ಸೂಟ್‌ಕೇಸಿಗೆ ತುಂಬಿದೆ. ಬಾಡಿಗೆ ಮನೆಯಲ್ಲಿ ಅದನ್ನು ಬಿಚ್ಚಿದಾಗ ಇವರಿಗೆ ನಗು ತಡೆಯಲಾಗಲಿಲ್ಲ.

"ಉಪ್ಪಿನ ಊರಿಗೆ ಡಬ್ಲಿನ್ನಿಂದ ಉಪ್ಪು ತಂದಿದ್ದೀಯಲ್ಲೇ! ಕಿಟಕಿಯಿಂದ ಕೈ ಚಾಚಿದ್ರೆ ಸಿಗುತ್ತೆ."

"ನಿಮ್ಮೂರಿನ ಉಪ್ಪಿನ ಋಣ ನಮಗೆ ಬೇಡಪ್ಪ," ಎಂದೆ.

"ಇಟ್ಸ್ ಗ್ರ್ಯಾಂಡ್, ಅಮ್ಮಾ. ಚಿಲ್," ಎಂದಳು ಮಗಳು, ಏನೂ ಪರವಾಗಿಲ್ಲವೆನ್ನುವ ಡಬ್ಲಿನ್ ಮಕ್ಕಳ ಧಾಟಿಯಲ್ಲಿ.

ಸಂಜೆ ಗದ್ದೆಗಳ ಬದುವಿನ ಮೇಲೆ ನಡೆದೆವು. ಸಮುದ್ರದ ನೀರು ಒಂದು ಮಡಿಯಿಂದ ಇನ್ನೊಂದಕ್ಕೆ ಹರಿದು, ದಪ್ಪವಾಗಿ, ಕೊನೆಯ ಮಡಿಯಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಊರು ಚೆಂದವಿತ್ತು. ಅದೇ ನನ್ನನ್ನು ಸುಟ್ಟಿತು. ಬಲೆ ಒಣಹಾಕುತ್ತಿದ್ದ ಮುದುಕಿಯೊಬ್ಬಳು ಇವರನ್ನು ಗುರುತು ಹಿಡಿದು ಕೆನ್ನೆ ತಟ್ಟಿದಳು. ಇವರು ಅವಳ ಭಾಷೆಯಲ್ಲಿ ತಡವರಿಸುತ್ತ ಕುಶಲ ವಿಚಾರಿಸಿದರು. ಹಾಗೆ ಬೆಳಗಿದ ಮುಖವನ್ನು ನಮ್ಮ ಮನೆಯಲ್ಲಿ ನಾನು ಕಂಡು ಬಹಳ ಕಾಲವಾಗಿತ್ತು.

ಮಗಳು ಮುಂದೆ ಓಡಿದ ಮೇಲೆ ನೇರವಾಗಿ ಕೇಳಿದೆ. "ಟ್ರಾನ್ಸ್‌ಫರ್ ವಿಷಯ ನನಗೆ ಗೊತ್ತು. ಯಾವಾಗ ಬರ್ತೀರಿ ಇಲ್ಲಿಗೆ?"

ಇವರು ಬೆಚ್ಚಿದರು. "ಬರಲ್ಲ. ಆಗಲೇ ಬೇಡ ಅಂತ ಹೇಳಿಬಿಟ್ಟೆ. ನಿನ್ನ ಕೆಲಸ, ಅವಳ ಸ್ಕೂಲು..."

"ಮತ್ತೆ ದಿನಬೆಳಗಾದ್ರೆ ಇದೇ ಊರಿನ ಪುರಾಣ ಯಾಕೆ?"

"ಬರಲ್ಲ ಅಂತ ಆಯ್ತಲ್ಲ. ಮಾತಾಡೋಕಾದ್ರೂ ಬಿಡು ಮಾರಾಯ್ತಿ."

ನನಗೆ ನೆಮ್ಮದಿಯಾಗಬೇಕಿತ್ತು. ಇವರು ಬೇಡವೆಂದದ್ದು ನಮಗಾಗಿ. ಆದರೆ ಜೊತೆಗಿರುವವಳನ್ನು ದಿನವೂ ನೋಡಿ ಬೇಸರಪಡಬಹುದು. ಬಿಟ್ಟುಕೊಟ್ಟ ಊರು ಮಾತ್ರ ಇನ್ನು ಇವರ ಮನಸ್ಸಿನಲ್ಲಿ ಮಾಸುವುದಿಲ್ಲ. ಅದು ಗೆದ್ದಿತೆಂದು ನನಗೆ ಆ ಬದುವಿನ ಮೇಲೆಯೇ ತಿಳಿಯಿತು. ಇವರು ಗೋಪುರದತ್ತ ಕೈ ತೋರಿಸಿ ಮತ್ತೆ ಏನನ್ನೋ ಹೇಳತೊಡಗಿದರು. ನಾನು ಕೇಳುತ್ತ ನಡೆದೆ.