ರಟ್ಟಿನ ಕೋಣೆಯಲ್ಲಿ ಎಷ್ಟು ಬೆಳಕು

ಅವನನ್ನು ಬೀದಿಯವರೆಲ್ಲ ರಟ್ಟಿನ ಭಾವ ಅಂತಲೇ ಕರೆಯುತ್ತಿದ್ದರು. ಆ ಹೆಸರು ಇಟ್ಟವನು ಎದುರು ಮನೆಯಲ್ಲಿದ್ದ ಅವನ ಹೆಂಡತಿಯ ತಮ್ಮ. ಒಬ್ಬನಿಗೆ ಭಾವನಾಗಿದ್ದವನು ನೋಡನೋಡುತ್ತ ಹಾಲು ಹಾಕುವವಳಿಗೆ, ಕ್ಷೌರದವನಿಗೆ, ಶಾಲೆಗೆ ಹೋಗುವ ಮಕ್ಕಳಿಗೆ, ಎಲ್ಲರಿಗೂ ಭಾವನಾಗಿಬಿಟ್ಟ. "ಇಷ್ಟು ಜನ ಭಾವಮೈದುನರನ್ನ ಕಟ್ಟಿಕೊಂಡು ಯಾವ ಗಂಡಸು ಉದ್ಧಾರ ಆದಾನು?" ಅಂತ ಅವನೇ ನಗುತ್ತಿದ್ದ.

ಅವನ ಕೆಲಸ ಕಟ್ಟಡಗಳ ನಕ್ಷೆ ಬರೆಯುವ ಒಂದು ಕಚೇರಿಯಲ್ಲಿ ರಟ್ಟಿನ ಮನೆ ಮಾಡುವುದು. ಆಟದ ಮನೆಯಲ್ಲ. ಶಾಲೆಯೋ ಆಸ್ಪತ್ರೆಯೋ ಕಟ್ಟುವ ಮೊದಲು ಅದರ ಕೋಣೆಗಳಿಗೆ ಹಗಲಿನ ಬೆಳಕು ಎಷ್ಟು ಬಂದೀತು ಅಂತ ತಿಳಿಯಬೇಕಲ್ಲ, ಅದಕ್ಕೆ. ಒಂದು ಅಡಿಗೆ ಒಂದು ಇಂಚಿನ ಲೆಕ್ಕದಲ್ಲಿ ರಟ್ಟು ಕೊಯ್ದು, ಅಂಟಿಸಿ, ಕಿಟಕಿ ಇರಬೇಕಾದ ಜಾಗದಲ್ಲಿ ಕಿಟಕಿ ತೆರೆದು, ಒಳಗೆ ಬೆಳಕು ಅಳೆಯುವ ಮೀಟರಿನ ಕಣ್ಣು ಇಡುತ್ತಿದ್ದ. ಆ ಕಣ್ಣು ತಂತಿಯ ತುದಿಯಲ್ಲಿ ಕೋಟಿನ ಗುಂಡಿಯಷ್ಟು ಇರುತ್ತದೆ. ಆಮೇಲೆ ಆ ಪುಟ್ಟ ಕೋಣೆಯನ್ನು ಕಚೇರಿಯ ಹಿಂಭಾಗದ ಕನ್ನಡಿ ಪೆಟ್ಟಿಗೆಯಲ್ಲಿ ಇಡಬೇಕು. ಪೆಟ್ಟಿಗೆ ಅನ್ನುವುದು ಮಾತಿಗೆ, ಇಬ್ಬರು ಒಳಗೆ ನಿಲ್ಲಬಹುದು. ನಾಲ್ಕು ಕಡೆಯೂ ಕನ್ನಡಿ, ಮೇಲೆ ಬಿಗಿದು ಕಟ್ಟಿದ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಸಾಲಾಗಿ ಟ್ಯೂಬ್‌ಲೈಟು. ಸ್ವಿಚ್ ಒತ್ತಿದರೆ ಎಲ್ಲ ದಿಕ್ಕಿಗೂ ಮೋಡ ಕವಿದ ಬಾನಿನ ಹಾಗೆ ಕಾಣುತ್ತದೆ. ಕಚೇರಿಯವರು ಅದನ್ನು ಸುಳ್ಳು ಆಕಾಶ ಅನ್ನುತ್ತಿದ್ದರು.

ಹೆಂಡತಿ ಹೊಲಿಗೆಯವಳು. ಅವಳ ಮಿಷನ್ನು ಕಿಟಕಿಯ ಪಕ್ಕ. ಕಿಟಕಿಯಾಚೆ ಅಂಗಳ, ಅಂಗಳದಾಚೆ ತಮ್ಮನ ಮನೆ, ಅದರ ಮೇಲೆ ಆಕಾಶ. ತಮ್ಮ ಬಸ್ಸು ಓಡಿಸುವವನು. ಬೆಳಿಗ್ಗೆ ಅವನು ಹೊರಡುವಾಗ ಅಕ್ಕ ಕಿಟಕಿಯಿಂದಲೇ "ನಿಧಾನ ಕಣೋ!" ಅಂತ ಕೂಗುವುದು, ಅವನು "ನಿಧಾನ ಹೋದ್ರೆ ಜನ ಬೈತಾರೆ ಕಣಕ್ಕಾ!" ಅಂತ ತಿರುಗಿ ಕೂಗುವುದು, ಇದು ಹಲ್ಲುಜ್ಜಿದಷ್ಟೇ ಖಾಯಂ ಆಗಿತ್ತು.

ತಮ್ಮನ ಮಗಳಿಗೆ ಎರಡನೇ ಕೂಸಾಯಿತು. ಅವಳು, ಗಂಡ, ಎರಡು ಮಕ್ಕಳು, ಎಲ್ಲರೂ ಅಪ್ಪನ ಮನೆಯಲ್ಲೇ. ಕಾಲು ಚಾಚಲು ಜಾಗವಿಲ್ಲ. ತಮ್ಮ ಮೇಲೊಂದು ಅಂತಸ್ತು ಎಬ್ಬಿಸಲು ಶುರುಮಾಡಿದ. ಗೋಡೆ ಸೊಂಟದೆತ್ತರಕ್ಕೆ ಬಂದಿತ್ತೋ ಇಲ್ಲವೋ, ಅಕ್ಕ ಮಿಷನ್ನು ಬಿಟ್ಟು ಎದ್ದಳು.

"ನನ್ನ ಕೋಣೆ ಕತ್ತಲಾಯ್ತು."

"ಇನ್ನೂ ಅರ್ಧ ಗೋಡೆ ಕಣಕ್ಕಾ."

"ಅರ್ಧಕ್ಕೇ ಹೀಗಾದ್ರೆ ಪೂರ್ತಿಗೆ ನಾನು ಕೈ ತಡವಿಕೊಂಡು ಹೊಲೀಬೇಕು."

ಬರೀ ಬಾಯಿಮಾತಲ್ಲ. ಬೂದು ಅಂಗಿಗೆ ನೀಲಿ ದಾರದಲ್ಲಿ ಗುಂಡಿ ಹೊಲಿದು ಕೊಟ್ಟಳು ಅಂತ ಒಬ್ಬರು ಅಂಗಿ ವಾಪಸು ತಂದರು. ಸೂಜಿಗೆ ದಾರ ಹಾಕಲು ಬಾಗಿಲ ಹೊರಗೆ ಹೋಗಿ ನಿಲ್ಲುತ್ತಿದ್ದಳು. ತಿಂಗಳೊಳಗೆ ಅಕ್ಕ ತಮ್ಮನ ನಡುವೆ ಮಾತು ನಿಂತಿತು. ತಮ್ಮ ಕೆಲಸ ನಿಲ್ಲಿಸಿ, ಗಾರೆಯವನನ್ನು ಕಳಿಸಿಬಿಟ್ಟು ಭಾವನ ಹತ್ತಿರ ಬಂದ.

"ಭಾವಾ, ಊರಿನ ಕಟ್ಟಡಕ್ಕೆಲ್ಲ ಬೆಳಕು ಅಳೀತೀರಿ. ಇದನ್ನೂ ಅಳೆದು ಹೇಳಿ. ಅಕ್ಕನ ಬೆಳಕು ಹೋಗೋದು ನಿಜ ಅಂದ್ರೆ ಗೋಡೆ ಅಲ್ಲಿಗೇ ನಿಲ್ಸಿ ಸೋರದ ಹಾಗೆ ತಗಡು ಹೊದಿಸ್ತೀನಿ. ಮಗಳಿಗೆ ಬೇರೆ ಕಡೆ ನೋಡ್ಕೋ ಅಂತೀನಿ. ನಿಮ್ಮ ಮಾತೇ ಕೊನೆ."

ಹೆಂಡತಿಯೂ ಒಳಗಿನಿಂದ ಕೂಗಿದಳು: "ಅಳೀರಿ! ನಾನೇನು ಬೇಡ ಅಂದ್ನಾ?"

ಭಾವ ಕೋಣೆಯನ್ನು ಟೇಪು ಹಿಡಿದು ಅಳೆದ. ಕಚೇರಿಯ ಮೇಡಂ ಸುಳ್ಳು ಆಕಾಶ ಉಪಯೋಗಿಸಲು ಒಪ್ಪಿದರು. ಹೆಂಡತಿಯ ಕೋಣೆಯನ್ನು ರಟ್ಟಿನಲ್ಲಿ ಮಾಡಿದ, ಅಂಗಳದ ದೂರ ಬಿಟ್ಟು ತಮ್ಮನ ಮನೆ ಮಾಡಿದ. ಮೇಲಿನ ಅಂತಸ್ತನ್ನು ಮಾತ್ರ ಅಂಟಿಸಲಿಲ್ಲ. ಇಟ್ಟರೆ ಕೂರಬೇಕು, ಎತ್ತಿದರೆ ಬರಬೇಕು, ಹಾಗೆ ಬಿಡಿಯಾಗಿ ಇಟ್ಟುಕೊಂಡ.

ಅಳತೆ ಹೀಗೆ ಬಂತು. ಹೊರಗೆ ನೂರು ಪಾಲು ಬೆಳಕಿದ್ದರೆ ಮಿಷನ್ನಿನ ಜಾಗದಲ್ಲಿ ನಾಲ್ಕು ಪಾಲು. ಅಂತಸ್ತು ಪೂರ್ತಿ ಇಟ್ಟರೆ ಮೂರಕ್ಕಿಂತ ಸ್ವಲ್ಪ ಮೇಲೆ. ಈಗಿರುವ ಅರ್ಧ ಗೋಡೆಗೆ ಸಮನಾಗಿ ಒಂದು ಪಟ್ಟಿ ಕೊಯ್ದು ಇಟ್ಟ. ಮೀಟರಿನ ಮುಳ್ಳು ಅಲುಗಿತೋ ಇಲ್ಲವೋ ಅನ್ನುವಷ್ಟು ಅಲುಗಿತು.

ಅವನಿಗೆ ತಲೆಬುಡ ತಿಳಿಯಲಿಲ್ಲ. ಮದುವೆಯಾದಾಗಿನಿಂದ ಹೆಂಡತಿ ಒಂದು ಸುಳ್ಳು ಹೇಳಿದವಳಲ್ಲ. ಕೆಲಸಕ್ಕೆ ಸೇರಿದಾಗಿನಿಂದ ಮೀಟರು ಒಂದು ಸುಳ್ಳು ಹೇಳಿದ್ದಿಲ್ಲ. ಇಬ್ಬರೂ ಈಗ ಎದುರುಬದುರು ನಿಂತು ಒಂದೊಂದು ಹೇಳುತ್ತಿದ್ದಾರೆ. ತಪ್ಪು ತನ್ನದೇ ಇರಬೇಕು ಅಂದುಕೊಂಡ.

ಹುಡುಕಲು ಕೂತ. ಬಿಳಿ ರಟ್ಟು ತೆಳು, ಅದರ ಮೈಯೊಳಗಿಂದಲೇ ಬೆಳಕು ಜಿನುಗುತ್ತದೆ. ಕೋಣೆಯ ಹೊರಮೈಗೆಲ್ಲ ಕಪ್ಪು ಟೇಪು ಸುತ್ತಿದ. ಮುಳ್ಳು ಇಳಿಯಿತು, ಆದರೆ ಗೋಡೆ ಇಟ್ಟಾಗಲೂ ಇಳಿಯಿತು, ಇಡದಿದ್ದಾಗಲೂ ಇಳಿಯಿತು. ಒಳಗಿನ ಗೋಡೆ ಬಿಳಿ ಬಿಟ್ಟಿದ್ದೆನಲ್ಲ, ಮನೆಯಲ್ಲಿರುವುದು ಮಾಸಿದ ಹಸಿರು ಅಂತ ನೆನಪಾಯಿತು. ಅದೇ ಹಸಿರು ಬಳಿದ. ಎರಡೂ ಇಳಿದವು. ಕಿಟಕಿಗೆ ಗಾಜು ಹಾಕಿರಲಿಲ್ಲ, ಹಾಕಿದ. ಸರಳುಗಳ ಬದಲು ದಪ್ಪ ದಾರ ಕಟ್ಟಿದ. ಹೆಂಡತಿ ಮೂಲೆಯಲ್ಲಿ ಗುಡ್ಡೆ ಹಾಕುವ ಬಟ್ಟೆಯ ಗಂಟಿಗೆ ಬದಲು ಚಿಂದಿ ತುಂಬಿದ. ಏನು ಮಾಡಿದರೂ ಎರಡು ಅಳತೆಯೂ ಜೊತೆಜೊತೆಗೆ ಇಳಿಯುತ್ತಿದ್ದವೇ ಹೊರತು ಅವುಗಳ ನಡುವಿನ ಅಂತರ ಹಿಗ್ಗಲೇ ಇಲ್ಲ.

"ಏನಂತೆ ನಿಮ್ಮ ಪೆಟ್ಟಿಗೆ?" ಅಂತ ಹೆಂಡತಿ ಕೇಳಿದಳು.

"ಕಮ್ಮಿ ಆಗುತ್ತೆ. ಆದ್ರೆ ನೀನು ಹೇಳುವಷ್ಟಲ್ಲ. ಈಗಂತೂ ಆಗೇ ಇಲ್ಲ ಅಂತದೆ."

"ಟ್ಯೂಬ್‌ಲೈಟಿನ ಆಕಾಶ ಇನ್ನೇನು ಹೇಳುತ್ತೆ? ಹೆಸರೇ ಸುಳ್ಳು ಆಕಾಶ! ನನ್ನ ಕಿಟಕಿ ಮೇಲಿರೋದು ನಿಜದ್ದು. ತಂದು ಅದರ ಕೆಳಗಿಟ್ಟು ಅಳೀರಿ."

ಭಾವನಿಗೆ ಇದು ನ್ಯಾಯವಾದ ಮಾತು ಅನ್ನಿಸಿತು. ಒಂದೊಂದು ಸಲ ಅವಳ ಕಡೆಯೇ ಸರಿ ಅನ್ನಿಸುತ್ತಿತ್ತು, ಮೀಟರು ಕೈಗೆ ಬಂದ ಕೂಡಲೇ ಇನ್ನೊಂದು ಕಡೆ. ಊಟಕ್ಕೆ ಕೂತು ಅನ್ನ ಕಲಸುವುದನ್ನೇ ಮರೆತು ತಟ್ಟೆಯಲ್ಲಿ ಕಿಟಕಿ ಗೀಚುತ್ತಿದ್ದ. "ಉಂಡು ಗೀಚಿ," ಅಂತ ಅವಳು ಸೌಟು ತಟ್ಟುತ್ತಿದ್ದಳು.

ಬಿಸಿಲಿನಲ್ಲಿ ಅಳೆದರೆ ಕ್ಷಣಕ್ಕೊಂದು ಲೆಕ್ಕ ಬರುತ್ತದೆ. ಬಾನೆಲ್ಲ ಒಂದೇ ಸಮ ಮೋಡ ಮುಚ್ಚಿರಬೇಕು. ಅಂಥ ದಿನಕ್ಕೆ ಕಾದು, ಒಂದು ಭಾನುವಾರ ರಟ್ಟಿನ ಮನೆಗಳನ್ನೆಲ್ಲ ತಾರಸಿಗೆ ಹೊತ್ತು ತಂದು, ನಿಜವಾದ ಕಿಟಕಿ ಯಾವ ದಿಕ್ಕಿಗಿದೆಯೋ ಅದೇ ದಿಕ್ಕಿಗೆ ತಿರುಗಿಸಿಟ್ಟ. ತಮ್ಮನನ್ನೂ ಕರೆಸಿದ. ತಮ್ಮ ಬಂದು ನೀರಿನ ತೊಟ್ಟಿಯ ಪಕ್ಕ ನಿಂತ. ಅಕ್ಕ ಅವನ ಕಡೆ ಬೆನ್ನು ಮಾಡಿ ನಿಂತಳು.

"ಮೀಟರು ಬೇಡ," ಅಂದಳು. "ನನ್ನ ಕಣ್ಣಿಂದ ನಾನೇ ನೋಡ್ತೀನಿ. ಎಲ್ಲಿ ನೋಡಬೇಕು?"

ರಟ್ಟಿನ ಕೋಣೆಯ ಪಕ್ಕದ ಗೋಡೆಯಲ್ಲಿ, ಕೂತು ಹೊಲಿಯುವವಳ ಕಣ್ಣಿನೆತ್ತರಕ್ಕೆ ಸರಿಯಾಗಿ, ಇಣುಕಲು ಒಂದು ತೂತು ಇತ್ತು. ಹೊರಗಿನ ಬೆಳಕು ಕಣ್ಣಿಗೆ ಹೊಡೆಯಬಾರದು ಅಂತ ತಲೆಯ ಮೇಲೆ ಕರಿ ಬಟ್ಟೆ ಹೊದ್ದು ನೋಡಬೇಕು. ಅವಳು ಮಂಡಿಯೂರಿ ಕೂತು ಬಟ್ಟೆ ಹೊದ್ದಳು. ಮೊದಲು ಗೋಡೆ ಇಟ್ಟು ತೋರಿಸೋಣ, ಆಮೇಲೆ ತೆಗೆದು ತೋರಿಸೋಣ ಅಂತ ಭಾವ ಮೇಲಿನ ಅಂತಸ್ತನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಇಡಲು ಬಾಗಬೇಕು, ಅಷ್ಟರಲ್ಲಿ ಬಟ್ಟೆಯೊಳಗಿಂದ ಮಾತು ಬಂತು.

"ನೋಡಿದ್ರಾ! ಇದನ್ನೇ ನಾನು ಬಡ್ಕೊಂಡಿದ್ದು. ಗೋಡೆ ಎದ್ದ ಮೇಲೆ ಮಂಕು ಬಡಿದ ಹಾಗಾಗಿದೆ. ನಿಮ್ಮ ರಟ್ಟೂ ನಿಜ ಹೇಳ್ತಿದೆ, ಆ ಮೀಟರಿಗೇ ಬುದ್ಧಿ ಇಲ್ಲ."

ಭಾವ ತನ್ನ ಕೈ ನೋಡಿಕೊಂಡ. ಗೋಡೆ ಕೈಯಲ್ಲೇ ಇತ್ತು. ತಮ್ಮನ ಮುಖ ನೋಡಿದ. ತಮ್ಮನೂ ಆ ಗೋಡೆಯನ್ನೇ ನೋಡುತ್ತಿದ್ದ. ರಟ್ಟಿನ ಕೋಣೆಯ ಎದುರು ಬರೀ ತಗ್ಗು ಮನೆ, ಅದರ ಮೇಲೆ ಬೆಳ್ಳನೆ ಬಾನು.

ತಮ್ಮ ಸದ್ದಾಗದಂತೆ ಹತ್ತಿರ ಬಂದ. ಭಾವನ ಕೈಯಿಂದ ಗೋಡೆ ತೆಗೆದುಕೊಂಡು, ಅದರ ಜಾಗದಲ್ಲಿ ಮೆತ್ತಗೆ ಕೂರಿಸಿದ. ಆಮೇಲೆ ಗಂಟಲು ಸರಿಮಾಡಿಕೊಂಡ.

"ಹೌದಕ್ಕಾ. ಕತ್ತಲೇ. ಗಾರೆಯವನಿಗೆ ಬರಬೇಡ ಅಂತೀನಿ. ತಗಡು ಹೊದಿಸಿದ್ರಾಯ್ತು."

ಎಷ್ಟೋ ವಾರಗಳ ಮೇಲೆ ಅವನು ಅಕ್ಕನ ಜೊತೆ ಆಡಿದ ಮೊದಲ ಮಾತು ಅದು. ಭಾವ ನಿಂತಲ್ಲೇ ನಿಂತ. ಸುಮ್ಮನಿದ್ದರೆ ಜಗಳ ಇಲ್ಲಿಗೇ ಮುಗಿಯುತ್ತದೆ, ಹೆಂಡತಿಯ ಮಾತು ಗೆಲ್ಲುತ್ತದೆ. ತಮ್ಮನ ಮಗಳು ಕೂಸು ಕಟ್ಟಿಕೊಂಡು ಬೇರೆ ಮನೆ ಹುಡುಕುತ್ತಾಳೆ. ಹೆಂಡತಿಗೆ ಬೆಳಕು ಮಾತ್ರ ಬರುವುದಿಲ್ಲ. ಗೋಡೆ ಇಲ್ಲದೆಯೂ ಅವಳಿಗೆ ಮಂಕೇ. ಹೇಳಿದರೆ ತಮ್ಮನ ಎದುರಿಗೇ ಅವಳ ಮಾನ ಹೋಗುತ್ತದೆ. ಯಾವುದು ಸರಿ? ಬಗ್ಗಿ ಗೋಡೆಯನ್ನು ಮತ್ತೆ ಎತ್ತಿದ.

"ತಲೆ ಹೊರಗೆ ತೆಗಿ," ಅಂದ.

ಅವಳು ಬಟ್ಟೆ ಸರಿಸಿದಳು. ಕೂದಲು ಕೆದರಿತ್ತು, ಮುಖದಲ್ಲಿ ಗೆದ್ದ ಕಳೆ.

"ಮಂಕು ಅಂದೆಯಲ್ಲ, ಆಗ ಗೋಡೆ ಇರಲಿಲ್ಲ. ನನ್ನ ಕೈಲಿತ್ತು. ನಿನ್ನ ತಮ್ಮ ಆಮೇಲೆ ಇಟ್ಟ."

ಅವಳು ಗೋಡೆ ನೋಡಿದಳು, ಗಂಡನನ್ನು ನೋಡಿದಳು. "ಇಬ್ಬರೂ ಸೇರಿ ಆಟ ಆಡ್ತೀರಾ?" ಅಂದಳು. ಯಾರೂ ನಗಲಿಲ್ಲ. ಮತ್ತೆ ಬಟ್ಟೆ ಹೊದ್ದು ಇಣುಕಿದಳು. ಗೋಡೆ ಇಡಿಸಿ ನೋಡಿದಳು, ತೆಗೆಸಿ ನೋಡಿದಳು. ಹೊರಗೆ ಬಂದಾಗ ಗೆದ್ದ ಕಳೆ ಇರಲಿಲ್ಲ.

"ಹಾಗಾದ್ರೆ ನಾನು ನೋಡ್ತಿರೋದು ಏನ್ರೀ?"

ಭಾವ ಮೀಟರಿನ ಕಡೆ ನೋಡಿದ.

"ನೀನು ನೋಡೋ," ಅಂತ ತಮ್ಮನನ್ನು ಕರೆದಳು. ತಮ್ಮ ದೊಡ್ಡ ಮೈ ಮಡಚಿ ಕೂತು ಇಣುಕಿದ. "ನನಗೂ ಕತ್ತಲೇ ಕಣಕ್ಕಾ," ಅಂದ.

"ಬಸ್ಸು ಓಡಿಸೋ ಕಣ್ಣು ಅದು! ಈ ಬೆಳಕು ನಿನಗೆ ಕತ್ತಲಾದ್ರೆ, ನಿನ್ನ ಬಸ್ಸು ಯಾರೂ ಹತ್ತಬೇಡಿ ಅಂತ ಬೀದೀಲಿ ಕೂಗ್ತೀನಿ ನೋಡು!"

"ಇಲ್ಲ ಕಣಕ್ಕಾ," ಅಂತ ಅವನು ಬಟ್ಟೆಯೊಳಗಿಂದಲೇ ಅಂದ. "ಚೆನ್ನಾಗಿ ಕಾಣುತ್ತೆ. ತಿಳಿನೀರಿನ ಬಾವಿ ತಳ ಕಂಡ ಹಾಗೆ ಕಾಣುತ್ತೆ." ಆಮೇಲೆ ತುಂಬಾ ಹೊತ್ತು ಅವನು ತಲೆ ಹೊರಗೆ ತೆಗೆಯಲೇ ಇಲ್ಲ.

ಕಣ್ಣಿನ ಡಾಕ್ಟರು ನೋಡಿ ಎರಡು ಕಣ್ಣಿಗೂ ಪೊರೆ ಬಂದಿದೆ ಅಂದರು. ಮೊದಲು ಬಲಗಣ್ಣಿಗೆ ಆಪರೇಷನ್ ಮಾಡೋಣ, ಎಡಗಣ್ಣಿಗೆ ಆಮೇಲೆ. ಭಾವ ಡಾಕ್ಟರನ್ನು ಕೇಳಿದ: "ಕತ್ತಲಲ್ಲಿ ಕಣ್ಣಿನದೆಷ್ಟು ಪಾಲು, ಗೋಡೆಯದೆಷ್ಟು ಪಾಲು ಅಂತ ಹೇಳೋಕಾಗುತ್ತಾ?" ಡಾಕ್ಟರಿಗೆ ಯಾವ ಗೋಡೆ ಅಂತ ತಿಳಿಯಲಿಲ್ಲ. "ಗೋಡೆ ನನ್ನ ಇಲಾಖೆ ಅಲ್ಲ," ಅಂದರು.

ಪಟ್ಟಿ ಬಿಚ್ಚಿದ ಮೇಲೆ ಅವಳು ಮನೆಗೆ ಬಂದು ಕೋಣೆಯ ಬಾಗಿಲಲ್ಲೇ ನಿಂತಳು.

"ಗೋಡೆಗೆ ಬಣ್ಣ ಯಾವಾಗ ಹೊಡೆಸಿದ್ರಿ?"

"ಯಾರೂ ಹೊಡೆಸಿಲ್ಲ."

ಅವಳು ನಂಬಲಿಲ್ಲ. ಗೋಡೆ ಮುಟ್ಟಿ ಬೆರಳು ಮೂಸಿ ನೋಡಿದಳು. ಮಿಷನ್ನಿನ ಮುಂದೆ ಕೂತು ಕಿಟಕಿಯ ಕಡೆ ತಿರುಗಿ ಒಂದು ಕಣ್ಣು ಅಂಗೈಯಲ್ಲಿ ಮುಚ್ಚಿಕೊಂಡಳು. ಆಮೇಲೆ ಇನ್ನೊಂದು. ಮತ್ತೆ ಮೊದಲಿನದು.

"ರೀ, ಈ ಕಣ್ಣಲ್ಲಿ ನೀವು ಹೇಳಿದ್ದು ಸರಿ. ಈ ಕಣ್ಣಲ್ಲಿ ನಾನು ಹೇಳಿದ್ದು ಸರಿ." ಕಿಟಕಿಗೆ ಇನ್ನಷ್ಟು ಬಗ್ಗಿ ನೋಡಿ ಅಂದಳು: "ಹೊಸ ಕಣ್ಣಲ್ಲೂ ಒಂಚೂರು ಕಮ್ಮಿನೇ ಆಗಿದೆ. ಅರ್ಧ ಗೋಡೆ ಒಂದು ಪಟ್ಟಿ ಆಕಾಶ ತಿಂದಿರೋದು ಸುಳ್ಳಲ್ಲ. ಮೊದಲು ಅಲ್ಲಿ ಹಕ್ಕಿ ಕೂತಿದ್ದು ಕಾಣ್ತಿತ್ತು."

"ಮುಳ್ಳು ಒಂಚೂರು ಅಲುಗಿತ್ತು," ಅಂತ ಭಾವ ಒಪ್ಪಿಕೊಂಡ.

"ಮತ್ತೆ ಆಗೇ ಇಲ್ಲ ಅಂದ್ರಲ್ಲ!"

ಅವನು ಆಗ ಹಾಗೆ ಅಂದಿದ್ದು ನಿಜ. ಅಷ್ಟು ಕಮ್ಮಿಯನ್ನು ಕಚೇರಿಯಲ್ಲಿ ಯಾರೂ ಕಮ್ಮಿ ಅನ್ನುವುದಿಲ್ಲ. ಇಡೀ ದಿನ ಅದರ ಎದುರು ಕೂರುವವಳಿಗೆ ಅದು ಕಮ್ಮಿಯೋ ಅಲ್ಲವೋ, ಅದನ್ನು ಅವನು ಅಳೆದಿರಲಿಲ್ಲ.

ಅಷ್ಟರಲ್ಲಿ ಅಂಗಳದಾಚೆ ತಮ್ಮ ಅರ್ಧ ಗೋಡೆಯ ಹಿಂದೆ ಕಾಣಿಸಿಕೊಂಡ. ಅವತ್ತು ರಜೆ ಹಾಕಿದ್ದ. ಜೊತೆಗೆ ಗಾರೆಯವನು, ತಲೆಗೆ ಟವೆಲ್ ಸುತ್ತಿಕೊಂಡು, ಕರಣೆ ಕೈಯಲ್ಲಿ ಹಿಡಿದು ಕಾಯುತ್ತಿದ್ದ. ತಗಡೂ ತಂದಾಗಿತ್ತು, ಇಟ್ಟಿಗೆಯೂ ಪೇರಿಸಿಟ್ಟಿತ್ತು. ಅಕ್ಕನ ಮಾತು ಬರದೆ ತಮ್ಮ ಎರಡಕ್ಕೂ ಕೈ ಹಚ್ಚಿರಲಿಲ್ಲ.

"ಅಕ್ಕಾ! ಕಾಣುತ್ತಾ?"

"ನಿನ್ನ ಬೋಳುತಲೆ ಕಾಣುತ್ತೆ! ಯಾವಾಗಿಂದಲೋ ಹಾಗೆ?"

ಗಾರೆಯವನು ಬಿದ್ದುಬಿದ್ದು ನಕ್ಕ. ತಮ್ಮ ತಲೆ ಸವರಿಕೊಂಡ.

"ಹೇಳಕ್ಕಾ. ಇಟ್ಟಿಗೆ ಇಡ್ಸಲಾ, ಬೇಡ್ವಾ?"

ಅವಳು ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದು ಮುಚ್ಚಿ ನೋಡಿದಳು. ಭಾವ ಅವಳ ಹಿಂದೆ ನಿಂತಿದ್ದ. ಅವನಿಗೆ ಕಾಣುತ್ತಿದ್ದದ್ದು ಅವಳ ಬೆನ್ನು, ಎತ್ತಿ ಇಳಿಸುತ್ತಿದ್ದ ಮೊಣಕೈ.

"ಇಡ್ಸು ಹೋಗೋ!" ಅಂತ ಕೂಗಿದಳು.

ತಮ್ಮ ಗಾರೆಯವನ ಭುಜ ತಟ್ಟಿದ. ಹಾಗೆ ಕೂಗುವಾಗ ಅವಳು ಯಾವ ಕಣ್ಣು ಮುಚ್ಚಿಕೊಂಡಿದ್ದಳೋ ಭಾವನಿಗೆ ಕಾಣಲಿಲ್ಲ. ಕೇಳೋಣ ಅಂತ ಬಾಯಿ ತೆರೆದ. ಅವಳು ಆಗಲೇ ಬೂದು ಬಟ್ಟೆ ಎಳೆದುಕೊಂಡು ಮಿಷನ್ನು ತುಳಿಯತೊಡಗಿದ್ದಳು.