ಹೂವಿನಂಥ ಬೈಕು

ಬೈಲಹೊಂಗಲದ ನಮ್ಮ ಓಣಿಯಲ್ಲಿ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಇದ್ದರು. ಬೈಕಿನ ಹಳೇ ಬ್ಯಾಟರಿ ತೆಗೆಸಿ ಅಂಗೈಯಗಲದ ಹಗುರ ಲಿಥಿಯಂ ಬ್ಯಾಟರಿ ಹಾಕಿಸಿದ ದಿನದಿಂದ ಅವರ ಬಾಯಲ್ಲಿ ಒಂದೇ ಮಾತು: "ಗಾಡಿ ಹೂವಿನಂಗ ಆಗೇತ್ರಿ." ಸಿಕ್ಕವರಿಗೆಲ್ಲ ಹ್ಯಾಂಡಲ್ ಹಿಡಿಸಿ, ಅಲ್ಲಾಡಿಸಿ ನೋಡಲು ಹೇಳುತ್ತಿದ್ದರು. ನಾವು ಅಲ್ಲಾಡಿಸಿ, ಹೂವೇ ಎಂದು ಒಪ್ಪಿ, ಚಹಾ ಕುಡಿದು ಬರುತ್ತಿದ್ದೆವು. ಅವರ ಹೊಟ್ಟೆಯ ತೂಕದ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಒಮ್ಮೆ ಅವರ ಹಿಂದೆ ಕುಳಿತು ಸವದತ್ತಿಗೆ ಹೊರಟೆ. ಗುಡ್ಡದ ಏರು ಬಂದದ್ದೇ ಬೈಕು ಏದುಸಿರು ಬಿಡತೊಡಗಿತು. ಅವರು ಹಳೆಯ ಡ್ಯೂಟಿಯ ದನಿಯಲ್ಲಿ, "ಇಳೀರಿ. ಇಬ್ಬರ ಭಾರ ವಜ್ಜಾ ಆಗೇತಿ. ಮ್ಯಾಲ ನಿಂತಿರತೇನಿ," ಎಂದರು. ಇಳಿದೆ. ತಮ್ಮ ಹೆಗಲಿನ ಚೀಲವನ್ನೂ ನನ್ನ ಕೈಗಿಟ್ಟು ಹೂವಿನಂತೆ ಹೋದರು.

ಚೀಲ ತೋಳು ಕಿತ್ತುಬರುವಷ್ಟು ಭಾರವಿತ್ತು. ಮೇಲೆ ತಲುಪಿದವನೇ ಬಿಚ್ಚಿ ನೋಡಿದೆ. ಒಳಗೆ ಟವೆಲ್ಲಿನಲ್ಲಿ ಸುತ್ತಿದ ಹಳೇ ಬ್ಯಾಟರಿ.

"ಹೊಸಾದು ಕೈ ಕೊಟ್ರ ಇರಲಿ ಅಂತ ದಿನಾ ತರತೇನ್ರಿ," ಎಂದು ಅವರು ಬೈಕಿನ ಟ್ಯಾಂಕ್ ಸವರಿದರು. "ಈಗ ನೋಡಿದ್ರಿ ಇಲ್ಲೋ, ಗಾಡಿ ಹ್ಯಾಂಗ ಏರಿತು? ಹೂವಿನಂಗ."