ಮೈದುನನಿಗೆ ಸಿಗದ ತಂಬಿಟ್ಟು

ಗಂಗಮ್ಮ ತಾಯಿಯನ್ನು ನಂಬಿದವರಿಗೆಲ್ಲ ವಕ್ಕಲೇರಿಯ ಸುಶೀಲಮ್ಮನ ನಮಸ್ಕಾರ. ಇಂಥ ಅನುಭವ ಬರೆಯುವವರೆಲ್ಲ ಕೊನೆಗೆ ಎಲ್ಲರನ್ನೂ ಕ್ಷಮಿಸಿದೆ ಎನ್ನುತ್ತಾರೆ. ನಾನು ಕ್ಷಮಿಸಿಲ್ಲ. ಅದು ತಾಯಿಗೂ ಗೊತ್ತು. ಗೊತ್ತಿದ್ದೇ ನನ್ನ ಮಾತು ನಡೆಸಿಕೊಟ್ಟಳು.

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಎರಡು ಕಾರಿನಲ್ಲಿ ಹೊರಟಿದ್ದೆವು. ಕುರುಡುಮಲೆ, ಆವಣಿ ನೋಡಿಕೊಂಡು, ಗೌನಿಪಲ್ಲಿ ಕಡೆಯ ಅತ್ತೆಯ ತವರಿಗೆ ಹೋಗಿ ಅಲ್ಲಿನ ಗಂಗಮ್ಮನಿಗೆ ತಂಬಿಟ್ಟಿನ ಆರತಿ ಬೆಳಗಿ ಬರುವುದು ಅಂತ. ನಮ್ಮ ಹಳೇ ಕಾರಿನಲ್ಲಿ ಯಜಮಾನರು, ನಾನು, ಅತ್ತೆ. ಹೊಸ ಕಾರಿನಲ್ಲಿ ಮೈದುನ ಮುರಳಿ, ಅವನ ಹೆಂಡತಿ. ಆ ಕಾರು ಬಂದಾಗಿನಿಂದ ಅವನ ಕಾಲು ನೆಲದ ಮೇಲಿರಲಿಲ್ಲ. ಡಿಕ್ಕಿ ದೊಡ್ಡದು ಅಂತ ಬುತ್ತಿ, ಅತ್ತೆಯ ಔಷಧಿ ಚೀಲ ಎಲ್ಲ ಅವನ ಕಾರಿಗೇ ಹೋಯಿತು. ಅಕ್ಕಿಹಿಟ್ಟು ಬೆಲ್ಲದ ತಂಬಿಟ್ಟಿನ ತಟ್ಟೆ ಮಾತ್ರ ನನ್ನ ಮಡಿಲಲ್ಲಿತ್ತು. ಅದನ್ನು ಹಿರಿ ಸೊಸೆಯೇ ಹೊರಬೇಕು, ಕಾಲ ಹತ್ತಿರ ಇಡಬಾರದು.

ಆವಣಿಯಲ್ಲಿ ಊಟಕ್ಕೆ ಮುಂಚೆ ಅತ್ತೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಚುಚ್ಚಿಸಿಕೊಂಡರು. ಎಲೆ ಹಾಕಬೇಕು, ಅಷ್ಟರಲ್ಲಿ ಮುರಳಿ, "ಇಲ್ಲಿ ಕೋತಿ ಕಾಟ ಅತ್ತಿಗೆ. ಗುಡಿ ಹತ್ರ ತಿನ್ನೋಣ, ಒಳದಾರೀಲಿ ಬೇಗ ಹೋಗ್ಬಹುದು. ನನ್ನ ಹಿಂದೇನೇ ಬನ್ನಿ" ಅಂದ.

"ಅಮ್ಮ ಸೂಜಿ ಹಾಕಿಸ್ಕೊಂಡಿದ್ದಾರೆ ಕಣಪ್ಪಾ, ಊಟ ತಡ ಆಗ್ಬಾರ್ದು. ಬುತ್ತಿ ನಿನ್ನ ಕಾರಲ್ಲಿದೆ, ನಿಧಾನಕ್ಕೆ ಹೋಗು" ಅಂದೆ. ಕೇಳಬೇಕಲ್ಲ? ಧೂಳೆಬ್ಬಿಸಿಕೊಂಡು ಮಾಯವಾದ.

ಫೋನ್ ಮಾಡಿದರೆ, "ಮಾವಿನ ತೋಪು ಬಂದ ತಕ್ಷಣ ಎಡಕ್ಕೆ ತಿರುಗಿ" ಅಂದ. ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಮಾವಿನ ತೋಪಿನ ಗುರುತು ಹೇಳುವುದೂ ಒಂದೇ, ಹಾಳು ಬಾವಿಗೆ ತಳ್ಳುವುದೂ ಒಂದೇ. ಎಡಕ್ಕೆ ತಿರುಗಿದೆವು, ಮತ್ತೆ ತೋಪು. ಮತ್ತೆ ತಿರುಗಿದೆವು, ಮತ್ತೆ ತೋಪು. ಮರಗಳ ತುಂಬ ಹೂವು, ತಿನ್ನಲು ಒಂದು ಕಾಯಿಯೂ ಇಲ್ಲ, ಒಂದು ಪೆಟ್ಟಿಗೆ ಅಂಗಡಿಯೂ ಇಲ್ಲ. ಕೊನೆಗೆ ದಾರಿಯೇ ಮುಗಿದು ಒಂದು ಕೆರೆ ಕಟ್ಟೆ ಬಂತು. ಅತ್ತೆ ಬೆವತು ಹೋಗಿದ್ದರು. ಕೈ ನಡುಗುತ್ತಿತ್ತು. ಆ ಕಡೆಯ ದಾರಿ ಗೊತ್ತಿದ್ದವರು ಅವರೊಬ್ಬರೇ, ಅವರಿಗೆ ತಮ್ಮ ತವರಿನ ಹೆಸರೇ ಬಾಯಿಗೆ ಬರಲಿಲ್ಲ.

ಮತ್ತೆ ಫೋನ್ ಮಾಡಿದೆ. "ಅಮ್ಮನಿಗೆ ಶುಗರ್ ಇಳೀತಿದೆ, ಚೀಲ ತಗೊಂಡು ವಾಪಸ್ ಬಾರಪ್ಪಾ."

"ನಿಮ್ಮದು ಯಾವಾಗ್ಲೂ ಗಾಬರೀನೇ ಅತ್ತಿಗೆ. ನಾವು ಗುಡಿ ಹತ್ರ ಬಂದ್ಬಿಟ್ವಿ. ಅಣ್ಣ ಮೊದಲು ಗಾಡಿ ಓಡಿಸೋದು ಕಲೀಲಿ ಬಿಡಿ!" ಹಿಂದೆ ಅವನ ಹೆಂಡತಿಯ ನಗು ಕೇಳಿಸಿತು. ಆಮೇಲೆ ಸಿಗ್ನಲ್ಲೇ ಹೋಯಿತು.

ಮಡಿಲಲ್ಲಿ ಬೆಲ್ಲದ ತಂಬಿಟ್ಟಿದೆ. ಒಂದು ತುಣುಕು ಮುರಿದು ಬಾಯಿಗೆ ಹಿಡಿದರೆ ಅತ್ತೆ ಮುಖ ತಿರುಗಿಸಿದರು. "ಬೇಡ ಕಣೇ... ಗಂಗಮ್ಮನಿಗೆ ಮೀಸಲು..."

"ತಿನ್ನಮ್ಮಾ, ತಾಯಿ ಏನೂ ಅಂದ್ಕೊಳಲ್ಲ" ಅಂತ ಯಜಮಾನರು ಗೋಗರೆದರು. ಅತ್ತೆ ಹಲ್ಲು ಕಚ್ಚಿಕೊಂಡರು. ನಿಜ ಹೇಳುತ್ತೇನೆ, ನನ್ನ ಕೈಗೂ ಒತ್ತಾಯ ಮಾಡಲು ಧೈರ್ಯ ಬರಲಿಲ್ಲ. ಆರತಿ ಬೆಳಗದ ತಂಬಿಟ್ಟು ಎಂಜಲಾಗಬಾರದು ಅಂತ ಹಾಲಿನ ಜೊತೆಗೇ ಕುಡಿದು ಬೆಳೆದವರು ನಾವು.

ಆಗ ನೆಟಿಗೆ ಮುರಿದು ಬೇಡಿಕೊಂಡೆ: "ತಾಯೀ, ಅತ್ತೆಯನ್ನು ಉಳಿಸು. ಆ ಮುರಳಿ ನಿನ್ನ ಬಾಗಿಲಲ್ಲೇ ನಿಂತಿದ್ದರೂ ಅವನಿಗೆ ನಿನ್ನ ಮುಖ ಕಾಣದೆ ಹೋಗಲಿ!"

ಯಜಮಾನರು ಕಾರು ತಿರುಗಿಸಲು ಹಿಂದಕ್ಕೆ ತೆಗೆದರು. ಆಗ ಕಂಡಿತು, ಕಟ್ಟೆಯ ಕೆಳಗೆ ಒಂದು ಬೇವಿನ ಮರ, ಬುಡದಲ್ಲಿ ಅರಿಶಿನ ಬಳಿದ ಕಲ್ಲು. ಪಕ್ಕದಲ್ಲಿ ಒಬ್ಬಾಕೆ ಕುರಿ ಮೇಯಿಸುತ್ತಿದ್ದಳು. ಓಡಿಹೋಗಿ, "ಇದ್ಯಾವ ದೇವರಮ್ಮಾ?" ಅಂತ ಕೇಳಿದೆ.

"ಗಂಗಮ್ಮ ತಲ್ಲಿ ಕದಮ್ಮಾ!" ಅಂದಳು ತೆಲುಗಿನಲ್ಲಿ, ಗಂಗಮ್ಮ ತಾಯಿ ಅಲ್ಲವೇ, ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ.

ಅಳು ಉಕ್ಕಿ ಬಂತು. ನಾವು ಹುಡುಕಿ ಹೊರಟವಳು ದಾರಿಯಲ್ಲೇ ಬಂದು ಕೂತಿದ್ದಳು. ತಂಬಿಟ್ಟಿನ ನಡುವಿನ ಗುಳಿಯಲ್ಲಿ ತಟ್ಟೆಯಲ್ಲೇ ಇದ್ದ ತುಪ್ಪ ಹಾಕಿ, ಬತ್ತಿ ಹಚ್ಚಿ, ಆರತಿ ಎತ್ತಿದೆ. ಓಡಿ ಬಂದು, "ಈಗ ಪ್ರಸಾದ ಅತ್ತೆ, ಬಾಯಿ ತೆಗೀರಿ" ಅಂದೆ. ತೆಗೆದರು. ಚೂರು ಚೂರೇ ತಿನ್ನಿಸಿದೆ. ಬೆವರು ಆರಿತು. ಕಣ್ಣು ನೆಟ್ಟಗಾಯಿತು. ಮೊದಲ ಮಾತು, "ಕೆರೆ ಈ ಕಡೆಗೆ ಯಾಕ್ ಬಂದ್ರಿ, ಕತ್ತೆಗಳಾ?"

ಶ್ರೀನಿವಾಸಪುರದ ಆಸ್ಪತ್ರೆಯಲ್ಲಿ ತೋರಿಸಿದೆವು. "ಸಿಹಿ ಬಾಯಿಗೆ ಬೀಳದೇ ಇದ್ದಿದ್ರೆ ಕಷ್ಟ ಆಗ್ತಿತ್ತು" ಅಂದರು ಡಾಕ್ಟರು.

ಇನ್ನು ಮುರಳಿಯ ಕಥೆ. ಗುಡಿಗೆ ಮೊದಲು ಮುಟ್ಟಿ ಎದೆಯುಬ್ಬಿಸಿ ನಿಂತವನನ್ನು ಪೂಜಾರಪ್ಪ, "ತಂಬಿಟ್ಟಿನ ತಟ್ಟೆ ಎಲ್ಲಪ್ಪಾ?" ಅಂತ ಕೇಳಿದರಂತೆ. ಇವನ ಬಳಿ ಇದ್ದದ್ದು ಹೊಸ ಕಾರಿನ ಬೀಗದ ಕೈ. ತಂಬಿಟ್ಟಿನ ಆರತಿ ಬರದೆ ತಾಯಿಯ ಮುಂದಿನ ತೆರೆ ಸರಿಸುವ ಪದ್ಧತಿ ಅಲ್ಲಿಲ್ಲ. ಕಾದು ಕಾದು ಪೂಜಾರಪ್ಪ ಬಾಗಿಲು ಹಾಕಿ ಊಟಕ್ಕೆ ಹೋದರು. ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ಪಾಪ ಬಂದರೆ ಬರಲಿ.

ಸಂಜೆ ಮನೆಯಲ್ಲಿ ಅವನು ತಲೆ ತಗ್ಗಿಸಿ ಬಂದು ಕೈ ಚಾಚಿದ. "ಪ್ರಸಾದ ಕೊಡಿ ಅತ್ತಿಗೆ." ತಟ್ಟೆಯಲ್ಲಿ ಒಂದೇ ತುಂಡು ಉಳಿದಿತ್ತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅದನ್ನೆತ್ತಿ ತಮ್ಮ ಬಾಯಿಗೆ ಹಾಕಿಕೊಂಡರು. ಅವನನ್ನೇ ನೋಡುತ್ತ ನಿಧಾನವಾಗಿ ಅಗಿದು ನುಂಗಿದರು.

"ಮುಂದಿನ ವರ್ಷ ಅಣ್ಣನ ಕಾರಿನ ಹಿಂದೆ ಬಾ ಕಣೋ. ಸಿಗುತ್ತೆ" ಅಂದರು.

ಖಾಲಿ ತಟ್ಟೆಯನ್ನು ಕಣ್ಣಿಗೊತ್ತಿಕೊಂಡು ತಾಯಿಗೆ ಮನಸಾರೆ ಕೈಮುಗಿದೆ.